ಹೂಂ ಎನ್ನುವವಳ ಜಾಗ

ಮಂಡಿನೋವಿಗೆಂದು ಸೊಸೆ ತಂದಿಟ್ಟ ಹೊನ್ನೆ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದೆ. ಆ ಕಟುವಾದ ವಾಸನೆ ಮೂಗಿಗೆ ತಾಗಿದ್ದೇ ತಡ, ಬೆಳಂಬಾರದ ನಮ್ಮ ನೆರೆಮನೆಯ ಅಜ್ಜಿಯ ಜಗಲಿ ಕಣ್ಣ ಮುಂದೆ ಬಂದು ನಿಂತಿತು...

ಮೂವತ್ತರ ದಶಕದ ಮಾತು. ಆಗ ನಮ್ಮ ಕೇರಿಯಲ್ಲಿ ದೀಪಕ್ಕೆ ಹೊನ್ನೆ ಎಣ್ಣೆಯೇ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳೆಲ್ಲ ಅಜ್ಜಿಯ ಜಗಲಿಯಲ್ಲಿ ಒಣಗಿದ ಹೊನ್ನೆಕಾಯಿ ಒಡೆಯುತ್ತ ಕುಳಿತರೆ ಅವರು ಕತೆ ಹೇಳುತ್ತಿದ್ದರು. ಮಕ್ಕಳಿಲ್ಲದ ವಿಧವೆ, ಆ ಒಂದು ಹೊತ್ತು ಬಿಟ್ಟರೆ ಅವರ ಮನೆಯಲ್ಲಿ ಮಾತೇ ಇರಲಿಲ್ಲ. ಅವರು ಯಾರನ್ನೂ ಗದರಿದ್ದನ್ನು ನಾನು ಕಾಣೆ. ನಮ್ಮಲ್ಲೊಬ್ಬರು ತಪ್ಪು ಮಾಡಿದರೆ, ಮರುದಿನ ಆ ತಪ್ಪು ಅಳಿಲಿನದೋ ಆಮೆಯದೋ ಆಗಿ ಕತೆಯೊಳಗೆ ಬರುತ್ತಿತ್ತು. ಮಾಡಿದವರು ತಲೆ ತಗ್ಗಿಸುತ್ತಿದ್ದರು.

ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿಗೂ ‘ಹೂಂ’ ಎನ್ನಬೇಕು. ಇಲ್ಲವಾದರೆ ಕತೆ ಮುಂದುವರಿಯದು. ಆ ಕೆಲಸ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ಉಪ್ಪಿನಾಗರದ ಕೂಲಿಯವನ ಮಗಳದು. ನನ್ನ ಗೆಳತಿ, ನನ್ನದೇ ವಯಸ್ಸಿನವಳು, ಕಂಬಕ್ಕೆ ಒರಗಿ, ಕಣ್ಣರಳಿಸಿ ಹೂಂ ಎನ್ನುತ್ತಿದ್ದಳು.

ಒಂದು ವೈಶಾಖದಲ್ಲಿ ಅಜ್ಜಿ ತಮ್ಮ ಮರದ ಮೊದಲ ಇಶಾಡು ಮಾವಿನಹಣ್ಣನ್ನು ನೈವೇದ್ಯಕ್ಕೆಂದು ದೇವರ ಗೂಡಿನಲ್ಲಿ ಇಟ್ಟಿದ್ದರು. ದೇವರಿಗೆ ತೋರಿಸದೆ ಹೊಸ ಹಣ್ಣನ್ನು ಯಾರೂ ಬಾಯಿಗೆ ಇಡುವಂತಿರಲಿಲ್ಲ. ಅದನ್ನು ನಾನು ತಿಂದೆ. ಪುರಾಣ ಓದಿ ಅರ್ಥ ಹೇಳುವ ತಂದೆಯ ಮಗಳ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಮರುದಿನದ ಕತೆಯಲ್ಲಿ ಉಪ್ಪಿನಾಗರದ ಬದುವಿನ ಕಾಗೆಯೊಂದು ದೇವರ ಹಣ್ಣು ಕದ್ದಿತು. ಗೆಳತಿಯ ‘ಹೂಂ’ ಮೆಲ್ಲಗಾಯಿತು, ಮತ್ತೆ ನಿಂತೇಹೋಯಿತು.

“ಆ ಕಾಗೆ ನಾನಲ್ಲ ಅಜ್ಜಿ,” ಎಂದು ಎದ್ದು ಹೋದಳು.

ಕತೆ ಅಲ್ಲಿಗೇ ನಿಂತಿತು. ಎಲ್ಲರ ಕಣ್ಣು ನನ್ನತ್ತ ತಿರುಗೀತೆಂಬ ಭಯದಿಂದ ನಾನೇ ‘ಹೂಂ’ ಎಂದೆ.

ನಾಲ್ಕು ದಿನ ಸಹಿಸಿದೆ. ಐದನೆಯ ದಿನ ಹೋಗಿ ಅಜ್ಜಿಯ ಮುಂದೆ ನಿಜ ಹೇಳಿದೆ. ಅವರು ಕೈಯಲ್ಲಿದ್ದ ಹೊನ್ನೆಕಾಯಿಯನ್ನು ಕೆಳಗಿಟ್ಟರು.

“ಹಣ್ಣು ಹೋಗ್ಲಿ ತಂಗಿ, ದೇವ್ರು ಹಸ್ಕಂಡು ಕೂತಿಲ್ಲ. ಆ ಹುಡುಗಿಗೆ ನಾ ಯಾವ ಮುಖ ತೋರಿಸ್ಲಿ?”

ಕೇರಿ ದಾಟಿ ಹೋಗದ ಅಜ್ಜಿ ಅಂದು ಸಂಜೆ ನನ್ನ ಕೈ ಹಿಡಿದು ಉಪ್ಪಿನಾಗರದ ಗುಡಿಸಲಿಗೆ ನಡೆದರು. ನೆರೆಯವರೆಲ್ಲ ಕೂಡಿದ ಅಂಗಳದಲ್ಲಿ ನಿಂತು ಕತೆಯನ್ನು ತಿದ್ದಿದರು: “ಹಣ್ಣು ತಿಂದದ್ದು ಕಾಗೆ ಅಲ್ಲ. ತಿಳೀದೆ ಕತೆ ಕಟ್ಟಿದ ಈ ಮುದುಕಿದೇ ತಪ್ಪು.”

ನನ್ನ ಹೆಸರು ಎತ್ತಲಿಲ್ಲ. ನಾನೇ ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ... ಗೆಳತಿ ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಅವಳ ತಾಯಿ ಮಾತ್ರ ಶಾಂತವಾಗಿ, “ನಮ್ಮ ಹುಡುಗಿ ನಾಳಿಂದ ಉಪ್ಪು ಹೊರೂಕೆ ಹೋಗ್ತದೆ ಅಮ್ಮಾ. ಕತೆ ಕೇಳೂಕೆ ಪುರುಸೊತ್ತಿಲ್ಲ,” ಎಂದಳು.

ಗೆಳತಿ ಮತ್ತೆ ಜಗಲಿಗೆ ಬರಲಿಲ್ಲ. ಕತೆಗಳೇನೋ ನಡೆದವು, ನಾವು ಸರದಿಯ ಮೇಲೆ ಹೂಂ ಎಂದೆವು. ಆದರೂ ಅಜ್ಜಿ ಪ್ರತಿ ಮಾತಿನ ಕೊನೆಗೆ ಆ ಕಂಬದ ಕಡೆ ನೋಡಿ ಕ್ಷಣ ಕಾಯುತ್ತಿದ್ದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ತೀರಿಕೊಂಡರು.

ಅವರ ಕತೆಗಳನ್ನೆಲ್ಲ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿದ್ದೇನೆ, ಕಾಗೆಯದೊಂದನ್ನು ಬಿಟ್ಟು. ಇಂದು ಮಂಡಿಗೆ ಎಣ್ಣೆ ಸವರುತ್ತ ಅದನ್ನೇ ಮೆಲ್ಲಗೆ ಹೇಳತೊಡಗಿದೆ, ಹಣ್ಣು ತಿಂದವಳು ನಾನೆಂದೇ ಆರಂಭಿಸಿ. ಮೊದಲ ಮಾತು ಮುಗಿಸಿ ಕಾದೆ.

ಕೋಣೆಯಲ್ಲಿ ಹೂಂ ಎನ್ನುವವರು ಯಾರೂ ಇರಲಿಲ್ಲ.