ಐಸ್ ಹಾಕಿ ಮತ್ತು ನನ್ನ ಷಡ್ಡಕ

ನನಗೆ ಹೊಟ್ಟೆಕಿಚ್ಚಾಗಿದೆ. ಯಾರ ಮೇಲೆ ಅಂದರೆ ನಗುತ್ತೀರಿ. ಏಳು ಸಮುದ್ರದಾಚೆ ಮಂಜುಗಡ್ಡೆಯ ಮೇಲೆ ಜಾರುತ್ತ ಕೋಲು ಬೀಸುವ, ಹೆಸರು ಕೂಡ ನನ್ನ ಬಾಯಲ್ಲಿ ಹೊರಳದ ಕೆಲವು ಹುಡುಗರ ಮೇಲೆ. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ನನ್ನಂಥವನಿಗೆ ಐಸ್ ಅಂದರೆ ಕಬ್ಬಿನ ಹಾಲಿಗೆ ಹಾಕುವ ಗಡ್ಡೆ, ಅಷ್ಟೆ. ಆದರೂ ಆಗಿದೆ.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಆ ಪಂದ್ಯ ಕಣ್ಣಿಗೆ ಬಿತ್ತು. ಒಂದು ಕಡೆ, ಗೆಲ್ಲುವುದನ್ನು ಹಲ್ಲುಜ್ಜುವಷ್ಟು ರೂಢಿ ಮಾಡಿಕೊಂಡ ದೈತ್ಯರು. ಇನ್ನೊಂದು ಕಡೆ, ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ ದೇಶ. ಹೆಸರು ಹೇಳುವುದಿಲ್ಲ, ಸೋತವರ ಕಷ್ಟ ನನಗೆ ಗೊತ್ತು. ಆಟ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಕ್ಯಾರಂ ಬೋರ್ಡಿಗೆ ಪೌಡರ್ ಚೆಲ್ಲಿ ಅದರ ಮೇಲೆ ಮನುಷ್ಯರನ್ನು ಬಿಟ್ಟಂತಿತ್ತು. ಕೊನೆಗಳಿಗೆಯಲ್ಲಿ ಸಣ್ಣವರ ಕೋಲಿನಿಂದ ಕರಿ ಬಿಲ್ಲೆ ಸುಂಯ್ ಅಂತ ಬಲೆ ಸೇರಿತು. ಗೆದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ದೈತ್ಯರ ನಾಯಕ ಮಂಡಿಯೂರಿ, ಕೈಗವಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆ ಅಳುವನ್ನು ನಾನು ಹಿಂದಕ್ಕೆಳೆದು ಎಳೆದು ಮತ್ತೆ ಮತ್ತೆ ನೋಡಿದೆ. ನೋಡಿದಷ್ಟೂ ಒಳಗೆ ಉರಿಯಿತು. ಇವರಿಗೆ ಸಿಕ್ಕಿದ್ದು ನನಗೇಕೆ ಸಿಗಬಾರದು?

ನನ್ನ ದೈತ್ಯ ಇರುವುದು ಹರಪನಹಳ್ಳಿಯಲ್ಲಿ. ಹೆಸರು ಮಂಜಣ್ಣ, ನನ್ನ ಹೆಂಡತಿಯ ತಂಗಿಯ ಗಂಡ. ಕಾಮ ಕ್ರೋಧಗಳಿಂದ ಶುರುವಾಗುವ ಅರಿಷಡ್ವರ್ಗದಲ್ಲಿ ಮತ್ಸರ ಕೊನೆಯದು. ಆ ಷಡ್ಡಿಗೂ ಷಡ್ಡಕನ ಷಡ್ಡಿಗೂ ನಂಟಿದೆ ಎಂಬುದು ನನ್ನ ಸಂಶೋಧನೆ. ಪಂಡಿತರು ಒಪ್ಪಲಿಕ್ಕಿಲ್ಲ, ಅವರಿಗೆ ಷಡ್ಡಕರು ಇಲ್ಲದಿರಬಹುದು. ಮಂಜಣ್ಣ ನನಗಿಂತ ಗೇಣುದ್ದ ಎತ್ತರ, ತಲೆತುಂಬ ಕೂದಲು. ಅದನ್ನೆಲ್ಲ ಸಹಿಸಿಕೊಂಡೇನು. ಆದರೆ ಹಡಗಲಿಯ ಮಾವನ ಮನೆಯಲ್ಲಿ ಯುಗಾದಿಗೊಮ್ಮೆ ಅಳಿಯಂದಿರ ಕ್ಯಾರಂ ನಡೆಯುತ್ತದೆ. ಗೆದ್ದವನ ಹೋಳಿಗೆಗೆ ಅತ್ತೆ ಮೊದಲು ತುಪ್ಪ ಬಡಿಸಬೇಕು, ಇದು ಆ ಮನೆಯ ಪದ್ಧತಿ. ಅವನ ಮದುವೆಯಾದಾಗಿನಿಂದ, ಹಿರಿಯಳಿಯನಾದ ನಾನು ಆ ತುಪ್ಪದ ಮಿಳ್ಳೆ ನನ್ನನ್ನು ದಾಟಿ ಅವನ ಎಲೆಗೆ ಹೋಗುವುದನ್ನು ನೋಡುತ್ತಲೇ ಬಂದಿದ್ದೇನೆ. ನನಗೆ ಬೇಕಾದದ್ದು ಇಷ್ಟೆ: ಒಂದೇ ಒಂದು ಸಲ ಅವನು ಸೋಲಬೇಕು, ಅವನ ಮುಖ ಇಳಿಯಬೇಕು, ನಾನು ಅದನ್ನು ಕಣ್ಣಾರೆ ನೋಡಬೇಕು.

ಈ ಯುಗಾದಿಗೆ ಹಡಗಲಿಯಲ್ಲಿ ಬಸ್ಸಿಳಿದಾಗ ಆ ಸಣ್ಣ ದೇಶವೇ ನನ್ನ ಮೈಮೇಲೆ ಬಂದಿತ್ತು.

"ಏನ್ರಿ ಅಳಿಯಂದ್ರ, ಮಾರಿ ಮ್ಯಾಲೆ ಬಾಳ ಕಳಿ ಐತಲ್ಲ?" ಅಂದರು ಮಾವ.

"ಐಸ್ ಹಾಕಿ ನೋಡಿದ್ನಿರಿ ಮಾವಾರ. ಅವತ್ತಿನಿಂದ ಹುರುಪು ಬಂದೈತಿ."

"ಐಸ್ ಹಾಕಿ ನೋಡಿದ್ರ್ಯಾ? ಎಲ್ಲಿಗೆ, ಮೊಣಕಾಲಿಗಾ? ಅದೆಲ್ಲ ನಂಬಬ್ಯಾಡ್ರಿ, ನೋವಿಗೆ ಎಳ್ಳೆಣ್ಣಿನ ಮದ್ದು" ಎಂದವರೇ ಅಡುಗೆಮನೆಗೆ ಕೂಗಿದರು.

ತಿದ್ದುವಷ್ಟರಲ್ಲಿ ಅತ್ತೆ ಬಿಸಿಎಣ್ಣೆ ತಂದಾಗಿತ್ತು. ದೈತ್ಯಸಂಹಾರಕ್ಕೆ ಹೊರಟವನು ಎಣ್ಣೆ ವಾಸನೆ ಹೊಡೆಯುತ್ತ ಬೋರ್ಡಿನ ಮುಂದೆ ಕೂತೆ.

ಆಟವನ್ನು ವರ್ಣಿಸುವುದಿಲ್ಲ, ಗೆದ್ದವನು ವರ್ಣಿಸಿದರೆ ಜಂಬ ಅನ್ನುತ್ತೀರಿ. ಕೊನೆಗೆ ಕೆಂಪು ರಾಣಿ, ಇಬ್ಬರದೂ ಒಂದೊಂದು ಕಾಯಿ ಉಳಿದವು. ಮಂಜಣ್ಣ ಹೊಡೆದದ್ದು ಕೂದಲೆಳೆಯಲ್ಲಿ ತಪ್ಪಿತು, ಬೇಕೆಂದು ತಪ್ಪಿಸಿದ್ದಲ್ಲ. ಅವನು ನಾಲಿಗೆ ಕಚ್ಚಿಕೊಂಡದ್ದನ್ನು ನಾನೇ ನೋಡಿದೆ. ನಾನು ರಾಣಿಯನ್ನು ಹಾಕಿದೆ, ಹಿಂದೆಯೇ ಬಿಳಿಯನ್ನೂ ಹಾಕಿದೆ. ಗೆದ್ದೆ! ತಲೆಯೆತ್ತಿ, ಇಷ್ಟು ವರ್ಷ ಕಾದ ಆ ಇಳಿದ ಮುಖವನ್ನು ಹುಡುಕಿದೆ.

ಮುಖ ಅರಳಿತ್ತು. "ಎಂಥಾ ಹೊಡ್ತ ಹೊಡದ್ರಿ ಅಣ್ಣಾ!" ಎಂದು ನನ್ನನ್ನು ತಬ್ಬಿಕೊಂಡ. ಅಡುಗೆಮನೆಯತ್ತ ತಿರುಗಿ, "ಅತ್ತೇರೇ, ತುಪ್ಪ ಮೊದ್ಲು ಅಣ್ಣಾರಿಗೆ ಹಾಕ್ರಿ!" ಎಂದು ಮನೆ ತುಂಬ ಕೂಗಿದ. ಅಷ್ಟೂ ನಿಜವಾದ ಸಂತೋಷ, ಹುಡುಕಿದರೂ ಕಲಬೆರಕೆ ಸಿಗಲಿಲ್ಲ. ನನಗೆ ಅಳು ಬಂತು.

ಮಾವ ಕಣ್ಣೊರೆಸಿಕೊಂಡು, "ನಮ್ಮ ಕಿರಿಯಳಿಯಂದು ಎಷ್ಟ್ ದೊಡ್ಡ ಮನಸ್ಸು ನೋಡ್ರಿ" ಅಂದರು. ಪದ್ಧತಿಯಂತೆ ನನಗೆ ಮೊದಲು ಒಂದು ಮಿಳ್ಳೆ ತುಪ್ಪ ಬಿತ್ತು. ಆಮೇಲೆ ಅತ್ತೆ, "ಪಾಪ, ಸೋತು ಕುಂತಾನ" ಎಂದು ಅವನ ಎಲೆಗೆ ಮಿಳ್ಳೆಯ ಮೇಲೆ ಮಿಳ್ಳೆ ಸುರಿದರು. ಪಕ್ಕದಲ್ಲಿ ನನ್ನ ಹೆಂಡತಿ ಮೆಲ್ಲಗೆ, "ನೀವು ಸೋತಾಗ ಊರು ಮುಟ್ಟೋತನಕ ಮಾತಾಡಂಗಿಲ್ಲ. ಅವ್ರನ್ನ ನೋಡಿ ಕಲೀರಿ" ಎಂದಳು.

ಈಗ ಆ ಹುಡುಗರ ಮೇಲೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಗಿದೆ. ದೈತ್ಯರನ್ನು ಸೋಲಿಸುವುದು ಅಂಥ ಕಷ್ಟವೇನಲ್ಲ, ನಾನೂ ಸೋಲಿಸಿದ್ದೇನೆ. ಆ ಹುಡುಗರ ಪುಣ್ಯವೇ ಬೇರೆ: ಅವರ ದೈತ್ಯರಲ್ಲಿ ಒಬ್ಬನೂ ಅವರ ಹೆಂಡತಿಯ ತಂಗಿಯನ್ನು ಮದುವೆಯಾಗಿರಲಿಲ್ಲ.