ಅಕ್ಕನ ರಟ್ಟೆ

ಸಿಂಧನೂರಿನ ಹತ್ತಿರ ಕಾಲುವೆ ಅಗೆಯುವ ಕೆಲಸ ನಡೆದಿದ್ದಾಗ ನನ್ನ ಅಕ್ಕ, ಅವಳ ಗಂಡ ಇಬ್ಬರೂ ಅಲ್ಲಿಗೆ ದುಡಿಯಲು ಹೋದರು. ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಮಾವ ಮಣ್ಣು ಕಡಿದು ಬುಟ್ಟಿ ತುಂಬಿ ಎತ್ತಿಕೊಡುವುದು, ಅಕ್ಕ ಅದನ್ನು ಹೊತ್ತು ದಂಡೆ ಏರಿ ಸುರಿದು ಬರುವುದು. ನಮ್ಮ ಓಣಿಯಲ್ಲಿ ಅಕ್ಕನಷ್ಟು ಗಟ್ಟಿ ಹೆಣ್ಣು ಇರಲಿಲ್ಲ. ಜೋಳದ ಚೀಲವನ್ನು ಒಬ್ಬಳೇ ಎತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದಳು.

ಕೆಲಸ ಬಿಟ್ಟ ಮೇಲೆ ಮೈಕೈ ನೋವಿಗೆಂದು ಇಬ್ಬರೂ ಸೇಂದಿ ಕುಡಿಯುತ್ತಿದ್ದರು. ಮಾವ ಅಂಗಡಿಯಲ್ಲಿ ಕೂತು, ಅಕ್ಕ ಗುಡಿಸಲೊಳಗೆ. ಮೊದಮೊದಲು ಒಂದು ತಂಬಿಗೆ. ಆಮೇಲೆ ರೊಟ್ಟಿ ಬಡಿಯುವ ಗೋಜಿಗೂ ಹೋಗದೆ ಅದನ್ನೇ ಕುಡಿದು ಮಲಗತೊಡಗಿದರು. ನಾನು ಮಸ್ಕಿಯಲ್ಲಿ ಬಟ್ಟೆ ಹೊಲಿದುಕೊಂಡಿದ್ದೆ. ಅವರನ್ನು ನೋಡಲು ಹೋದಾಗೆಲ್ಲ ಜಗಳವಾಡಿಯೇ ಬರುತ್ತಿದ್ದೆ.

ಮೂರನೆಯ ವರ್ಷ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ, ನನ್ನ ಕಣ್ಣೆದುರಿಗೇ, ಮಾವ ಬುಟ್ಟಿಯನ್ನು ಎದೆಮಟ್ಟಕ್ಕೆ ಎತ್ತಿದವನು ಮೇಲೇರಿಸಲಾರದೆ ನಿಂತುಬಿಟ್ಟ. ಅಕ್ಕ ಬಗ್ಗಿ ತಲೆ ಕೊಟ್ಟಳು. ಬುಟ್ಟಿಯೇನೋ ಕೂತಿತು, ಅವಳಿಗೆ ಮೇಲೇಳಲಾಗಲಿಲ್ಲ. ಮಣ್ಣಿನ ಸಮೇತ ಕುಸಿದಳು. ಮೇಸ್ತ್ರಿ ಇಬ್ಬರನ್ನೂ ಕೆಲಸದಿಂದ ತೆಗೆದ.

ಬಸ್ಸಿನಲ್ಲಿ ಅವರನ್ನು ಲಿಂಗಸುಗೂರಿನ ಡಾಕ್ಟರೊಬ್ಬರ ಬಳಿಗೆ ಕರೆದೊಯ್ದೆ. ಅವರು ಮಾವನ ರಟ್ಟೆ ಒತ್ತಿ, ಮೀನಖಂಡ ಹಿಚುಕಿ ನೋಡಿದರು.

"ಕುಡದು ಕುಡದು ಮಾಂಸ ಕರಗ್ಯಾದ. ಸೇಂದಿ ಬಿಡು. ರೊಟ್ಟಿ, ಬ್ಯಾಳಿ, ತತ್ತಿ ಹೊಟ್ಟಿತುಂಬ ತಿನ್ನು."

ಅಕ್ಕನಿಗೆ ಮಾತ್ರ "ರಗತ ಕಡಿಮಿ ಆಗ್ಯಾದಮ್ಮ" ಎಂದು ಟಾನಿಕ್ ಬರೆದರು. ಕುಡಿಯುತ್ತೀಯಾ ಎಂದು ಕೇಳಲೇ ಇಲ್ಲ. ನಾನು ತಡೆಯಲಾರದೆ, "ಇಕಿನೂ ಕುಡಿತಾಳ್ರೀ" ಅಂದೆ.

"ಸುಳ್ಳು ಹೇಳ್ತಾಳ್ರೀ! ಹೆಣ್ಮಕ್ಕಳು ಕುಡಿತಾರೇನ್ರೀ?" ಅಕ್ಕ ಚೀರಿದಳು. ಮಾವ ನೆಲ ನೋಡುತ್ತ ಕೂತ. ಡಾಕ್ಟರು ಮುಜುಗರಪಟ್ಟು ಮುಂದಿನವರನ್ನು ಕರೆದರು.

ಹೊರಗೆ ಬಂದದ್ದೇ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ಮಂದಿ ಮುಂದ ನನ್ನ ಮರ್ಯಾದಿ ಕಳದಿ."

"ಮರ್ಯಾದಿ ಇಟ್ಕೊಂಡು ಏನ್ ಮಾಡ್ತಿ? ಕೂತ್ರ ಏಳಾಕ ಬರವಲ್ದು ನಿನಗ!"

ಇಬ್ಬರನ್ನೂ ಮಸ್ಕಿಗೆ ಕರೆತಂದು ನಮ್ಮ ಪಕ್ಕದ ಕೋಣೆಯಲ್ಲಿರಿಸಿದೆ. ಮಾವನನ್ನು ಓಣಿಯೇ ಕಾಯಿತು. ಸೇಂದಿ ಅಂಗಡಿಯತ್ತ ಹೊರಟರೆ ಯಾರಾದರೂ ಬೈದು ತಿರುಗಿಸುತ್ತಿದ್ದರು. ಹಿಂದಿನ ಮನೆಯ ಸಾಬರ ಹೆಂಗಸು ತತ್ತಿ ಕಳಿಸುತ್ತಿದ್ದಳು. ಅಕ್ಕ ಅವನ್ನು ಬೇಯಿಸಿ ಎಲ್ಲವನ್ನೂ ಗಂಡನಿಗೇ ತಿನ್ನಿಸುತ್ತಿದ್ದಳು. ವರ್ಷದೊಳಗೆ ಅವನು ಸಂತೆಯಲ್ಲಿ ಚೀಲ ಹೊರುವಂತಾದ. ಅಕ್ಕ ಕದ್ದು ಕುಡಿಯುವುದನ್ನು ಬಿಡಲಿಲ್ಲ. ಒಮ್ಮೆ ಅವಳ ಗಡಿಗೆ ಒಡೆದುಹಾಕಿದೆ. ಮರುದಿನವೇ ಇನ್ನೊಂದು ಬಂತು. ಅವಳು ಕುಡಿಯುತ್ತಾಳೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದಿತ್ತು. ಹೀಗಾಗಿ ಅವಳನ್ನು ಬೈಯುವವರೂ ಇರಲಿಲ್ಲ, ತತ್ತಿ ತಿನ್ನು ಎನ್ನುವವರೂ ಇರಲಿಲ್ಲ. ನಾನೂ ನಾಚಿಕೆಗೆ ಅಂಜಿ ಹೊರಗೆ ಬಾಯಿಬಿಡಲಿಲ್ಲ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಬೀಸುಕಲ್ಲಿನ ಮುಂದೆ ಕೂತ ಅಕ್ಕ ಏಳಲಾರದೆ ಹೋದಳು. ಗೋಡೆ ಹಿಡಿದು ಮೂರು ಸಲ ಪ್ರಯತ್ನಿಸಿ ಅಲ್ಲೇ ಅಳತೊಡಗಿದಳು. ಮಾವ ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿಸಿದ, ನಾನೂ ಜೊತೆಗೆ ಹೋದೆ. ಅದೇ ಡಾಕ್ಟರ ಮುಂದೆ ಈ ಸಲ ಅವನೇ ಹೇಳಿದ: "ನನ್ನಷ್ಟ ಇಕಿನೂ ಕುಡಿತಾಳ್ರೀ. ಮೊದ್ಲ ಕುಡಿಸಿದಾಂವ ನಾನ."

ಅಕ್ಕ ಚೀರಲಿಲ್ಲ, ತಲೆ ತಗ್ಗಿಸಿದಳು. ಸೇಂದಿ ಬಿಡು ಎಂದು ಡಾಕ್ಟರು ಅವಳಿಗೂ ಹೇಳಿದರು, ಬಹಳ ತಡವಾಗಿದೆ ಎಂದೂ ಅಂದರು.

ಬರುವಾಗ ಬಸ್ಸಿನಲ್ಲಿ ಮಾವನನ್ನು ಕೇಳಿದೆ: "ಅವತ್ತ ಯಾಕ ಹೇಳಲಿಲ್ಲ?"

"ಹೆಂಗಸಿನ ಮಾತು, ಹೊರಗ ಬರೋದು ಬ್ಯಾಡ ಅಂತ ಸುಮ್ನಿದ್ದೆ."

ಅಕ್ಕ ಸೇಂದಿ ಬಿಟ್ಟಳು, ಕಷ್ಟಪಟ್ಟೇ ಬಿಟ್ಟಳು. ನಡೆದಾಡುವಷ್ಟು, ರೊಟ್ಟಿ ಬಡಿಯುವಷ್ಟು ಕಸುವು ಬಂತು. ಅದಕ್ಕಿಂತ ಹೆಚ್ಚು ಬರಲಿಲ್ಲ. ದಿನಾ ಬಾವಿಕಟ್ಟೆಯಲ್ಲಿ ನೀರಿನ ಕೊಡ ಎತ್ತಿಕೊಡಲು ನನ್ನನ್ನು ಕರೆಯುತ್ತಿದ್ದಳು. ಹೋಗಿ, ಅವಳ ತಲೆಗೆ ಏರಿಸದೆ ನಾನೇ ಹೊತ್ತು ಮನೆಗೆ ತರುತ್ತಿದ್ದೆ.