ಬೈಗುಳಕ್ಕೆ ಬೆಣ್ಣೆ ಹಚ್ಚಿದ ಯಂತ್ರ

ಪುರಸಭೆ ಕಚೇರಿಯ ಮೆಟ್ಟಿಲ ಪಕ್ಕ ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷದಿಂದ ಊರವರ ಅರ್ಜಿ ಟೈಪು ಮಾಡುತ್ತಿದ್ದಾರೆ. ಬರೆದದ್ದನ್ನು ಜೋರಾಗಿ ಓದಿ ಹೇಳಿ, ಬರೆಸಿದವರು ತಲೆಯಾಡಿಸಿದ ಮೇಲೆಯೇ ಸಹಿ ಹಾಕಿಸುವುದು ಅವರ ಪದ್ಧತಿ. ಅವರ ಲ್ಯಾಪ್‌ಟಾಪಿಗೆ ಎಐ ಹಾಕಿಕೊಟ್ಟ ಮಹಾಬುದ್ಧಿವಂತ ನಾನೇ.

ಮೊನ್ನೆ ನಾನೂ ಅಲ್ಲೇ ಕೂತಿದ್ದಾಗ, ಮೂರನೇ ಮಹಡಿಯ ಮನೆಯಲ್ಲಿ ವಾಸವಿರುವ ಅಜ್ಜಿಯೊಬ್ಬರು ಬಂದರು. ಎರಡು ತಿಂಗಳಿಂದ ನಲ್ಲಿಯಲ್ಲಿ ನೀರಿಲ್ಲ, ಕೆಳಗಿನಿಂದ ಕೊಡ ಹೊತ್ತು ಮಂಡಿ ಬಾತಿದೆ, ನಾಲ್ಕು ಅರ್ಜಿಗೂ ಉತ್ತರವಿಲ್ಲ. ಅಜ್ಜಿ ಬೈದದ್ದನ್ನೆಲ್ಲ ಟೈಪು ಮಾಡಿದ ಅತ್ತಿಗೆ, "ಚೆನ್ನಾಗಿ ಬರೆದುಕೊಡು" ಎಂದು ಎಐಗೆ ಒಪ್ಪಿಸಿದರು. ಬಂದದ್ದನ್ನು ಓದತೊಡಗಿದರು: "ತಮ್ಮ ಅವಿರತ ಸೇವೆಗೆ ಹೃತ್ಪೂರ್ವಕ ಕೃತಜ್ಞತೆಗಳು. ನೀರು ಪೂರೈಕೆಯಲ್ಲಿ ಕಂಡುಬಂದಿರುವ ಅಲ್ಪ ವ್ಯತ್ಯಯವನ್ನು..."

"ನಿಲ್ಸಮ್ಮಾ," ಎಂದರು ಅಜ್ಜಿ. "ಇದು ಯಾರ ಮನೆ ನಲ್ಲಿ? ಕೃತಜ್ಞತೆ ಅಂತೆ! ನನ್ನ ಮಂಡಿ ಎಲ್ಲಿ ಹೋಯ್ತು?"

ಅತ್ತಿಗೆ ನನ್ನ ಕಡೆ ತಿರುಗಿದರು. "ಏನಪ್ಪಾ ಮೈದುನ, ನಿನ್ನ ಎಐ ಒಂದು ಕೊಡ ನೀರು ಹೊತ್ತಿದೆಯಾ? ಇವರ ಸಿಟ್ಟನ್ನ ಒರೆಸಿಹಾಕೋಕೆ ಅದಕ್ಕೆ ಯಾರು ಹೇಳಿದ್ರು?"

"ಚೆನ್ನಾಗಿ ಬರಿ ಅಂದಿದ್ದು ನೀವೇ ಅಲ್ವಾ?" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

ಅತ್ತಿಗೆ ಕೀಲಿಗಳನ್ನು ಕುಟ್ಟಿದರು: "ಅಜ್ಜಿಯ ಒಂದು ಮಾತನ್ನೂ ಮುಟ್ಟಬೇಡ. ಲ್ಯಾಪ್‌ಟಾಪಿನಲ್ಲಿರುವ ಅವರ ಹಳೆಯ ಅರ್ಜಿಗಳ ತಾರೀಖು ಜೋಡಿಸು, ಕಾಗುಣಿತ ತಿದ್ದು, ಅಷ್ಟೇ." ಅದು ಅಷ್ಟೇ ಮಾಡಿತು. ಮಂಡಿ, ಕೊಡ, ನಿಮ್ಮ ಮನೆಯ ನಲ್ಲಿ ಒಂದು ದಿನ ನಿಂತರೆ ಸುಮ್ಮನಿರುತ್ತೀರಾ ಎಂಬ ಪ್ರಶ್ನೆ, ಎಲ್ಲವೂ ಇದ್ದವು, ನಾಲ್ಕು ತಾರೀಖುಗಳ ಸಮೇತ.

ಓದಿ ಮುಗಿಯುವ ಮೊದಲೇ ಅಜ್ಜಿ ಪೆನ್ನಿಗೆ ಕೈಚಾಚಿದರು. "ಹ್ಞಾಂ, ಈಗ ನಾನು ಬೈದ ಹಾಗಿದೆ. ಸಹಿ ಎಲ್ಲಿ ಹಾಕ್ಲಿ?"